ಸಾಂಸ್ಥಿಕ ವರ್ತನೆ ಮತ್ತು ಬದಲಾವಣೆಯ ನಿರ್ವಹಣೆ

ಸಾಂಸ್ಥಿಕ ವರ್ತನೆ ಎಂದರೆ ಕಾರ್ಖಾನೆ, ಕಚೇರಿ, ಬ್ಯಾಂಕು, ಆಸ್ಪತ್ರೆಗಳಂಥ ಸಂಸ್ಥೆಗಳ ಒಳಗೆ ಜನ ಒಬ್ಬೊಬ್ಬರಾಗಿಯೂ ಗುಂಪಾಗಿಯೂ ಹೇಗೆ ನಡೆದುಕೊಳ್ಳುತ್ತಾರೆ, ಹಾಗೆ ನಡೆದುಕೊಳ್ಳಲು ಕಾರಣವೇನು ಎಂಬುದರ ವ್ಯವಸ್ಥಿತ ಅಧ್ಯಯನ. ಕೆಲಸದ ವಿಧಾನ, ಯಂತ್ರ, ಹುದ್ದೆ, ಆಡಳಿತ ರಚನೆ ಇವುಗಳಲ್ಲಿ ಯಾವುದನ್ನಾದರೂ ಬದಲಿಸಬೇಕಾದಾಗ ಆ ಬದಲಾವಣೆ ನೌಕರರ ನಿತ್ಯದ ರೂಢಿಯಾಗುವವರೆಗೆ ಕೈಗೊಳ್ಳುವ ಯೋಜಿತ ಕ್ರಮಗಳನ್ನು ಬದಲಾವಣೆಯ ನಿರ್ವಹಣೆ ಎನ್ನುತ್ತಾರೆ. ಮೊದಲನೆಯದು ಅಧ್ಯಯನ ಶಾಖೆ, ಎರಡನೆಯದು ಅದರಿಂದ ಹುಟ್ಟಿದ ಪ್ರಯೋಗ ಶಾಖೆ. ಮನಃಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ ಮತ್ತು ಅರ್ಥಶಾಸ್ತ್ರಗಳಿಂದ ಇವೆರಡೂ ಧಾರಾಳವಾಗಿ ಪಡೆದುಕೊಂಡಿವೆ.

ಉಗಮ

ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ವಿನ್ಸ್ಲೋ ಟೇಲರ್ 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಪ್ರಕಟಿಸಿದಾಗ ಕಾರ್ಖಾನೆಯ ಪ್ರಶ್ನೆ ಸಮಯ ಮತ್ತು ಚಲನೆಯ ಪ್ರಶ್ನೆಯಾಗಿತ್ತು. ಒಂದು ಕೆಲಸವನ್ನು ಬಿಡಿಬಿಡಿ ಚಲನೆಗಳಾಗಿ ಒಡೆದು, ಗಡಿಯಾರ ಹಿಡಿದು ಅಳೆದು, ಅತ್ಯುತ್ತಮವಾದ ಒಂದೇ ವಿಧಾನವನ್ನು ಗೊತ್ತುಪಡಿಸಿ, ಅದರಂತೆ ದುಡಿದವನಿಗೆ ಹೆಚ್ಚು ಕೂಲಿ ಕೊಡುವುದು ಟೇಲರ್‌ನ ಕ್ರಮ. ಯೋಚಿಸುವ ಕೆಲಸ ಆಡಳಿತದ್ದು, ಮಾಡುವ ಕೆಲಸ ಕಾರ್ಮಿಕನದು ಎಂಬ ವಿಭಜನೆ ಇಲ್ಲಿ ಗಟ್ಟಿಯಾಯಿತು. ಸಾಂಸ್ಥಿಕ ವರ್ತನೆಯ ಮುಂದಿನ ಚರಿತ್ರೆಯ ಬಹುಭಾಗ ಈ ವಿಭಜನೆಯೊಂದಿಗೆ ನಡೆಸಿದ ವಾದವೇ ಆಗಿದೆ.

ಶಿಕಾಗೋ ಬಳಿಯ ಸಿಸೆರೋದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿತ್ತು. 1924ರಲ್ಲಿ ಅಲ್ಲಿ ದೀಪದ ಬೆಳಕಿಗೂ ಉತ್ಪಾದನೆಗೂ ಇರುವ ಸಂಬಂಧವನ್ನು ಪರೀಕ್ಷಿಸಲು ಹೊರಟವರಿಗೆ ಒಪ್ಪುವಂಥ ಉತ್ತರ ಸಿಗಲಿಲ್ಲ. 1927ರಿಂದ ಪ್ರತ್ಯೇಕ ಕೋಣೆಯೊಂದರಲ್ಲಿ ಐವರು ಮಹಿಳೆಯರು ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳನ್ನು ಜೋಡಿಸುವ ಕೆಲಸವನ್ನು ಸುಮಾರು ಐದು ವರ್ಷ ಗಮನಿಸಲಾಯಿತು. ವಿರಾಮದ ಹೊತ್ತು, ಕೆಲಸದ ಅವಧಿ, ಕೂಲಿಯ ಕ್ರಮ ಎಲ್ಲವನ್ನೂ ಬದಲಿಸುತ್ತ ಹೋದರು. ಉತ್ಪಾದನೆ ಒಟ್ಟಾರೆ ಏರುತ್ತಲೇ ಹೋಯಿತು. ಇದಕ್ಕೆ ತದ್ವಿರುದ್ಧವಾದದ್ದು ಕಂಡದ್ದು 1931ರಿಂದ 1932ರವರೆಗೆ ಗಮನಿಸಿದ ಹದಿನಾಲ್ಕು ಗಂಡಸರ ತಂತಿ ಜೋಡಣೆಯ ಕೋಣೆಯಲ್ಲಿ. ದಿನಕ್ಕೆ ಇಷ್ಟೇ ಕೆಲಸ ಎಂಬ ಅಲಿಖಿತ ಮಿತಿಯನ್ನು ಗುಂಪೇ ಹಾಕಿಕೊಂಡಿತ್ತು. ಅದನ್ನು ಮೀರಿ ದುಡಿದವನಿಗೂ ತೀರ ಕಡಿಮೆ ಮಾಡಿದವನಿಗೂ ಜೊತೆಗಾರರ ಮೂದಲಿಕೆ ತಪ್ಪುತ್ತಿರಲಿಲ್ಲ.

ಹಾರ್ವರ್ಡ್‌ನ ಎಲ್ಟನ್ ಮೇಯೋ ಈ ಅಧ್ಯಯನಗಳನ್ನು ಪ್ರಸಿದ್ಧಗೊಳಿಸಿದರು. ರೋಥ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಎಂಬ ಸಂಶೋಧಕರು 1939ರಲ್ಲಿ ಇವುಗಳ ಪೂರ್ಣ ವರದಿ ಕೊಟ್ಟರು. ಮಾನವ ಸಂಬಂಧಗಳ ಪಂಥ ಬೆಳೆದದ್ದು ಇಲ್ಲಿಂದ. ಆದರೆ ಪುರಾವೆ ಅಷ್ಟು ಗಟ್ಟಿಯಲ್ಲ. ರಿಲೇ ಕೋಣೆಯ ಐವರಲ್ಲಿ ಇಬ್ಬರನ್ನು 1928ರ ಆರಂಭದಲ್ಲಿ ಹೊರಕಳಿಸಿ ಬೇರೆಯವರನ್ನು ತರಲಾಗಿತ್ತು ಎಂಬುದನ್ನು ವಿಮರ್ಶಕರು ಮತ್ತೆ ಮತ್ತೆ ಎತ್ತಿದ್ದಾರೆ. ಬೆಳಕಿನ ಪ್ರಯೋಗದ ಉಳಿದಿರುವ ಅಂಕಿಅಂಶಗಳನ್ನು 2011ರಲ್ಲಿ ಮರುಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಲಿಸ್ಟ್ ಅವರಿಗೆ ಪಠ್ಯಪುಸ್ತಕಗಳು ಹೇಳುವಷ್ಟು ದೊಡ್ಡ ಪರಿಣಾಮ ಅಲ್ಲಿ ಕಾಣಲಿಲ್ಲ.

ಲೆವಿನ್ ಮತ್ತು ಹಾರ್‌ವುಡ್ ಪ್ರಯೋಗ

ಬದಲಾವಣೆಯನ್ನೇ ಅಧ್ಯಯನದ ವಸ್ತುವಾಗಿಸಿದ ಕೀರ್ತಿ ಕರ್ಟ್ ಲೆವಿನ್ (1890–1947) ಅವರಿಗೆ ಸಲ್ಲುತ್ತದೆ. ಬರ್ಲಿನ್‌ನಲ್ಲಿದ್ದ ಈ ಯಹೂದಿ ಮನಃಶಾಸ್ತ್ರಜ್ಞ 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಗೃಹಿಣಿಯರನ್ನು ಮೂತ್ರಪಿಂಡ, ಹೃದಯದಂಥ ಅಗ್ಗದ ಮಾಂಸಭಾಗಗಳ ಬಳಕೆಗೆ ಒಲಿಸುವ ಪ್ರಶ್ನೆ ಅವರ ಮುಂದೆ ಬಂತು. ಬರಿಯ ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಮಾತ್ರ ಹೊಸ ಮಾಂಸವನ್ನು ಅಡುಗೆಗೆ ಬಳಸಿದರು. ಗುಂಪಿನಲ್ಲಿ ಚರ್ಚಿಸಿ ತಾವೇ ತೀರ್ಮಾನ ಕೈಗೊಂಡವರಲ್ಲಿ ಈ ಪ್ರಮಾಣ ಶೇ. 32.

ಇದೇ ವಿಚಾರವನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿದ್ದು ವರ್ಜೀನಿಯಾ ರಾಜ್ಯದ ಮರಿಯನ್ ಊರಿನ ಹಾರ್‌ವುಡ್ ಪೈಜಾಮ ಕಾರ್ಖಾನೆಯಲ್ಲಿ. ಅದರ ಮುಖ್ಯಸ್ಥ ಆಲ್‌ಫ್ರೆಡ್ ಮರೋ ಸ್ವತಃ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಅಲ್ಲಿನ ಕೂಲಿ ತುಂಡುಗೆಲಸದ ಲೆಕ್ಕದ್ದು. ಗಂಟೆಗೆ 60 ಯೂನಿಟ್ ಎಂಬುದು ನುರಿತವರಿಂದ ನಿರೀಕ್ಷಿಸುತ್ತಿದ್ದ ಮಟ್ಟ. ಕೆಲಸದ ಕ್ರಮ ಬದಲಾದಾಗಲೆಲ್ಲ ಉತ್ಪಾದನೆ ಬೀಳುವುದು, ದೂರುಗಳು ಏಳುವುದು, ಜನ ಬಿಟ್ಟುಹೋಗುವುದು ಮಾಮೂಲಾಗಿತ್ತು. ಸಿಬ್ಬಂದಿ ವ್ಯವಸ್ಥಾಪಕ ಲೆಸ್ಟರ್ ಕೋಚ್ ಮತ್ತು ಮನಃಶಾಸ್ತ್ರಜ್ಞ ಜಾನ್ ಫ್ರೆಂಚ್ ನಾಲ್ಕು ಗುಂಪುಗಳನ್ನು ಆರಿಸಿಕೊಂಡರು.

ಆಗಿದ್ದ ಬದಲಾವಣೆಗಳು ನೋಡಲು ತೀರ ಚಿಕ್ಕವು. ಇಸ್ತ್ರಿ ಮಾಡುವ ಹದಿನೆಂಟು ಮಂದಿ ಅದುವರೆಗೆ ಆರಾರು ಬಟ್ಟೆಗಳನ್ನು ಚಪ್ಪಟೆ ರಟ್ಟಿನ ಮೇಲೆ ಪೇರಿಸುತ್ತಿದ್ದರು. ಇನ್ನು ಮೇಲೆ ಪೆಟ್ಟಿಗೆಯೊಳಗೆ ಪೇರಿಸಬೇಕಿತ್ತು. ಮಡಿಸುವವರು ಮಡಿಸಿ ಬಂದ ಪೈಜಾಮದೊಂದಿಗೆ ಅಂಗಿಯನ್ನು ಜೋಡಿಸುತ್ತಿದ್ದವರು, ಈಗ ಮಡಿಸದೆ ಬಂದ ಪೈಜಾಮವನ್ನೂ ತಾವೇ ಮಡಿಸಬೇಕಿತ್ತು. ತಪಾಸಣೆಯವರು ಇಡೀ ಉಡುಪಿನ ದಾರದ ಎಳೆಗಳನ್ನು ಕತ್ತರಿಸುವ ಬದಲು ಕೆಲವನ್ನಷ್ಟೇ ಕೀಳಬೇಕಿತ್ತು. ಎಲ್ಲ ಗುಂಪುಗಳಿಗೂ ಹೊಸ ದರ ನಿಗದಿಯಾಯಿತು. ವ್ಯತ್ಯಾಸವಿದ್ದದ್ದು ಬದಲಾವಣೆಯನ್ನು ತಂದ ರೀತಿಯಲ್ಲಿ.

ಇಸ್ತ್ರಿಯವರಿಗೆ ಸಭೆ ಕರೆದು, ಮಾರುಕಟ್ಟೆಯ ಪೈಪೋಟಿಯನ್ನು ವಿವರಿಸಿ, ಹೊಸ ದರವನ್ನು ತಿಳಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಿ ಕಳಿಸಲಾಯಿತು. ಇಂದಿನ ಹಲವು ಸಂಸ್ಥೆಗಳು ಮಾಡುವುದೂ ಇಷ್ಟನ್ನೇ. ಮಡಿಸುವವರ ಗುಂಪು ತನ್ನ ಪ್ರತಿನಿಧಿಗಳ ಮೂಲಕ ಹೊಸ ವಿಧಾನವನ್ನೂ ದರವನ್ನೂ ರೂಪಿಸುವುದರಲ್ಲಿ ಭಾಗಿಯಾಯಿತು. ಎಂಟು ಮತ್ತು ಏಳು ಮಂದಿಯಿದ್ದ ತಪಾಸಣೆಯ ಎರಡು ಚಿಕ್ಕ ಗುಂಪುಗಳಲ್ಲಿ ಪ್ರತಿಯೊಬ್ಬರೂ ಭಾಗವಹಿಸಿದರು. ಬಂದ ಸಲಹೆಗಳನ್ನು ಬರೆದುಕೊಳ್ಳಲು ಶೀಘ್ರಲಿಪಿಕಾರರಿಗೇ ಕಷ್ಟವಾಯಿತೆಂದು ವರದಿ ದಾಖಲಿಸುತ್ತದೆ. ಮೊದಲ ಗುಂಪಿನ ಉತ್ಪಾದನೆ 50ರ ಆಸುಪಾಸಿಗೆ ಕುಸಿದು ಅಲ್ಲೇ ನಿಂತಿತು. ನಲವತ್ತು ದಿನಗಳಲ್ಲಿ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು. ಪ್ರತಿನಿಧಿಗಳ ಗುಂಪು ಹದಿನಾಲ್ಕು ದಿನಗಳಲ್ಲಿ 61ಕ್ಕೆ ಮುಟ್ಟಿತು. ಎಲ್ಲರೂ ಪಾಲ್ಗೊಂಡ ಗುಂಪುಗಳು ಬೇಗನೆ ಚೇತರಿಸಿಕೊಂಡು ಹಿಂದಿನ ಮಟ್ಟಕ್ಕಿಂತ ಶೇ. 14ರಷ್ಟು ಮೇಲೇರಿದವು.

ಪ್ರಯೋಗದ ಅತ್ಯಂತ ಮುಖ್ಯ ಭಾಗ ಬಂದದ್ದು ಎರಡೂವರೆ ತಿಂಗಳ ನಂತರ. ಮೊದಲ ಗುಂಪಿನಲ್ಲಿ ಉಳಿದಿದ್ದ ಹದಿಮೂರು ಮಂದಿಯನ್ನು ಮತ್ತೊಂದು ಹೊಸ ಕೆಲಸಕ್ಕೆ ಹಾಕುವಾಗ ಪೂರ್ಣ ಭಾಗವಹಿಸುವಿಕೆಯ ಕ್ರಮವನ್ನು ಅನುಸರಿಸಲಾಯಿತು. ಅದೇ ಜನ ಈ ಬಾರಿ ಬೇಗನೆ ಚೇತರಿಸಿಕೊಂಡರು. ಹಾಗಾಗಿ ಮೊದಲಿನ ವಿರೋಧವನ್ನು ಆ ಕಾರ್ಮಿಕರ ಸ್ವಭಾವದ ಮೇಲೆ ಹೊರಿಸಲು ಅವಕಾಶ ಉಳಿಯಲಿಲ್ಲ. 1948ರಲ್ಲಿ ‘ಹ್ಯೂಮನ್ ರಿಲೇಶನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಈ ವರದಿ ಇಂದಿಗೂ ಬದಲಾವಣೆಯ ನಿರ್ವಹಣೆಯ ತಳಹದಿ. ಗುಂಪುಗಳು ಚಿಕ್ಕವು, ಅವುಗಳ ಕೆಲಸಗಳು ಬೇರೆ ಬೇರೆ ಎಂಬ ಮಿತಿ ಅದಕ್ಕಿದೆ.

ಸಾಮಾಜಿಕ-ತಾಂತ್ರಿಕ ಪಂಥ ಮತ್ತು ಅಹಮದಾಬಾದ್

ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಹಿಂದೆ ಗಣಿ ಕಾರ್ಮಿಕರಾಗಿದ್ದ ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದರು. ಹೊಸ ಯಂತ್ರಗಳು ಬಂದಾಗ ಚಿಕ್ಕ ತಂಡಗಳು ಒಡೆದು, ಪಾಳಿಪಾಳಿಗೆ ಒಂದೊಂದೇ ಕೆಲಸ ಹಂಚಿಹೋಗಿತ್ತು. ಗೈರುಹಾಜರಿ ಮತ್ತು ಮನಸ್ತಾಪ ಹೆಚ್ಚಿದ್ದವು. ಯಂತ್ರದ ವ್ಯವಸ್ಥೆ ಮತ್ತು ಜನರ ವ್ಯವಸ್ಥೆ ಎರಡನ್ನೂ ಒಟ್ಟಿಗೇ ರೂಪಿಸಬೇಕೆಂಬ ಸಾಮಾಜಿಕ-ತಾಂತ್ರಿಕ ವ್ಯವಸ್ಥೆಯ ಪರಿಕಲ್ಪನೆ ಇದರಿಂದ ಬೆಳೆಯಿತು.

ಈ ಪರಿಕಲ್ಪನೆಯ ಹೆಸರಾಂತ ಪ್ರಯೋಗ ನಡೆದದ್ದು ಭಾರತದಲ್ಲಿ. ಸಾರಾಭಾಯ್ ಮನೆತನದ ಅಹಮದಾಬಾದಿನ ಕ್ಯಾಲಿಕೋ ಮಿಲ್ಸ್ 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ತಂದಿತ್ತು. ಮಗ್ಗಗಳು ಹೊಸವು, ಆದರೂ ಉತ್ಪಾದನೆ ಅಂದುಕೊಂಡಷ್ಟು ಏರಲಿಲ್ಲ. 1953ರಲ್ಲಿ ಟ್ಯಾವಿಸ್ಟಾಕ್‌ನ ಎ. ಕೆ. ರೈಸ್ ಅಲ್ಲಿಗೆ ಬಂದು ನೋಡಿದಾಗ 224 ಮಗ್ಗಗಳ ಒಂದು ಶೆಡ್ಡಿನಲ್ಲಿ 29 ಮಂದಿ ಹನ್ನೆರಡು ಬಗೆಯ ಕೆಲಸಗಳಲ್ಲಿ ಹಂಚಿಹೋಗಿದ್ದರು. ನೇಕಾರನ ಪಾಲಿಗೆ ಮೂವತ್ತರ ಆಸುಪಾಸು ಮಗ್ಗಗಳಾದರೆ, ಹೊಕ್ಕಿನ ನೂಲು ತುಂಬುವವನದು ನಲವತ್ತೈದರ ಆಸುಪಾಸು, ಹರಿದ ಎಳೆಗಳನ್ನು ಸರಿಪಡಿಸುವವನದು ಎಪ್ಪತ್ತಕ್ಕೂ ಮೇಲೆ. ಒಬ್ಬನ ಮಗ್ಗಗಳ ಎಲ್ಲೆ ಇನ್ನೊಬ್ಬನದಕ್ಕೆ ತಾಳೆಯಾಗುತ್ತಿರಲಿಲ್ಲ. ಎಳೆ ಹರಿದರೆ ನೇಕಾರ ಯಾರನ್ನು ಕರೆಯಬೇಕು, ಕರೆಸಿಕೊಂಡವನು ಯಾರ ಮಗ್ಗಕ್ಕೆ ಮೊದಲು ಹೋಗಬೇಕು ಎಂಬುದಕ್ಕೆ ನಿಯಮವೇ ಇರಲಿಲ್ಲ. ಪ್ರತಿಯೊಬ್ಬರ ಕೆಲಸವನ್ನೂ ಗಡಿಯಾರ ಹಿಡಿದು ಅಳೆದಾಗಿತ್ತು. ಯಾರ ಕೆಲಸ ಯಾರದರೊಂದಿಗೆ ಹೆಣೆದುಕೊಂಡಿದೆ ಎಂಬುದನ್ನು ಮಾತ್ರ ನೋಡಿರಲಿಲ್ಲ.

ನಿಗದಿತ ಸಂಖ್ಯೆಯ ಮಗ್ಗಗಳಿಗೆ ಪೂರ್ಣ ಹೊಣೆ ಹೊರುವ ಚಿಕ್ಕ ಗುಂಪು ಇರಲಿ ಎಂದು ರೈಸ್ ಸೂಚಿಸಿದರು. ಸೂಚನೆಯನ್ನು ಕಾರ್ಮಿಕರು ಮತ್ತು ಮೇಲ್ವಿಚಾರಕರು ಕೂಡಲೇ ತಮ್ಮದಾಗಿಸಿಕೊಂಡರು. ಏಳು ಮಂದಿಯ ಗುಂಪುಗಳನ್ನು ಕಾರ್ಮಿಕರೇ ಕಟ್ಟಿಕೊಂಡರು. ಕೆಲವು ವಾರಗಳ ಏರುಪೇರಿನ ಬಳಿಕ ಉತ್ಪಾದನೆ ಹೆಚ್ಚಿತು, ಹಾಳಾದ ಬಟ್ಟೆಯ ಪ್ರಮಾಣ ಇಳಿಯಿತು. ರೈಸ್ 1958ರಲ್ಲಿ ಈ ಪ್ರಯೋಗದ ಕುರಿತು ಪುಸ್ತಕ ಬರೆದರು. ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಮರಳಿ ಹೋಗಿ ಪರಿಶೀಲಿಸಿದಾಗ ಸ್ವಯಂಚಾಲಿತವಲ್ಲದ ಸಾಮಾನ್ಯ ಮಗ್ಗಗಳ ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಜೀವಂತವಾಗಿತ್ತು. ಸ್ವಯಂಚಾಲಿತ ಮಗ್ಗಗಳ ಶೆಡ್ಡಿನಲ್ಲಿ ಅದು ಬಹುಮಟ್ಟಿಗೆ ಸಡಿಲಗೊಂಡಿತ್ತು. ಹದಿನೇಳು ವರ್ಷಗಳ ನಂತರ ಅದೇ ಜಾಗಕ್ಕೆ ಹೋಗಿ ನೋಡಿದ ಇಂಥ ಅಧ್ಯಯನಗಳು ಈ ಶಾಸ್ತ್ರದಲ್ಲಿ ಅಪರೂಪ.

ಶಾಸ್ತ್ರದ ರಚನೆ

ಸಾಂಸ್ಥಿಕ ವರ್ತನೆಯನ್ನು ವ್ಯಕ್ತಿ, ಗುಂಪು, ಸಂಸ್ಥೆ ಎಂಬ ಮೂರು ಮಟ್ಟಗಳಲ್ಲಿ ಅಭ್ಯಸಿಸುವುದು ರೂಢಿ. ವ್ಯಕ್ತಿಯ ಮಟ್ಟದಲ್ಲಿ ಪ್ರೇರಣೆಯ ಸಿದ್ಧಾಂತಗಳು ಹೆಚ್ಚು ಪರಿಚಿತ: ಅಬ್ರಹಾಂ ಮಾಸ್ಲೋ ಅವರ ಅಗತ್ಯಗಳ ಶ್ರೇಣಿ (1943), ಕೆಲಸದ ತೃಪ್ತಿ ಮತ್ತು ಅತೃಪ್ತಿಯ ಮೂಲಗಳು ಬೇರೆಬೇರೆ ಎಂದ ಫ್ರೆಡರಿಕ್ ಹರ್ಜ್‌ಬರ್ಗ್ ಅವರ ಎರಡು ಅಂಶಗಳ ಸಿದ್ಧಾಂತ (1959), ನೌಕರರ ಬಗ್ಗೆ ಆಡಳಿತ ಇಟ್ಟುಕೊಳ್ಳುವ ಎರಡು ವಿರುದ್ಧ ನಂಬಿಕೆಗಳನ್ನು ಎಕ್ಸ್ ಮತ್ತು ವೈ ಎಂದು ಹೆಸರಿಸಿದ ಡಗ್ಲಸ್ ಮೆಕ್‌ಗ್ರೆಗರ್ ಅವರ ವಿಶ್ಲೇಷಣೆ (1960). ಗುಂಪಿನ ಮಟ್ಟದಲ್ಲಿ ನಾಯಕತ್ವ, ಸಂವಹನ, ಘರ್ಷಣೆ, ಅಧಿಕಾರ ಇತ್ಯಾದಿ ಬರುತ್ತವೆ. ಇರ್ವಿಂಗ್ ಜಾನಿಸ್ 1972ರಲ್ಲಿ ವಿವರಿಸಿದ ಗುಂಪುಚಿಂತನೆ, ಎಂದರೆ ಒಮ್ಮತ ಕೆಡಬಾರದೆಂದು ಸದಸ್ಯರು ತಮ್ಮ ಸಂಶಯಗಳನ್ನು ನುಂಗಿಕೊಳ್ಳುವ ಪ್ರವೃತ್ತಿ, ಈ ವರ್ಗಕ್ಕೆ ಸೇರಿದ್ದು. ಸಂಸ್ಥೆಯ ಮಟ್ಟದ ಮುಖ್ಯ ವಿಷಯಗಳು ರಚನೆ ಮತ್ತು ಸಂಸ್ಕೃತಿ. ಎಡ್ಗರ್ ಶೈನ್ 1985ರಲ್ಲಿ ಸಂಸ್ಕೃತಿಯನ್ನು ಮೂರು ಪದರಗಳಾಗಿ ಬಿಡಿಸಿ ತೋರಿಸಿದರು: ಕಣ್ಣಿಗೆ ಕಾಣುವ ಆಚಾರಗಳು, ಬಾಯಲ್ಲಿ ಹೇಳಿಕೊಳ್ಳುವ ಮೌಲ್ಯಗಳು, ಯಾರೂ ಪ್ರಶ್ನಿಸದ ಮೂಲ ಗ್ರಹಿಕೆಗಳು.

ಬದಲಾವಣೆಯ ವಿಧಗಳು

ಬದಲಾವಣೆಯಲ್ಲಿ ಯೋಜಿತವಾದದ್ದು ಮತ್ತು ತಾನಾಗಿ ಒದಗಿಬಂದದ್ದು ಎಂಬ ಭೇದವಿದೆ. ವ್ಯಾಪ್ತಿಯ ದೃಷ್ಟಿಯಿಂದ ಅದು ಹಂತಹಂತವಾಗಿ ನಡೆಯುವ ಸುಧಾರಣೆ ಇರಬಹುದು, ಸಂಸ್ಥೆಯ ಸ್ವರೂಪವನ್ನೇ ಬದಲಿಸುವ ಪರಿವರ್ತನೆ ಇರಬಹುದು. ಬದಲಾಗುವ ವಸ್ತುವಿನ ಪ್ರಕಾರ ತಂತ್ರಜ್ಞಾನ, ರಚನೆ, ಕಾರ್ಯವಿಧಾನ, ಸಂಸ್ಕೃತಿ ಎಂದೂ ವಿಂಗಡಿಸುತ್ತಾರೆ. ವಾಸ್ತವದಲ್ಲಿ ಇವು ಬೆರೆತೇ ಬರುತ್ತವೆ. ಬ್ಯಾಂಕಿಗೆ ಹೊಸ ತಂತ್ರಾಂಶ ಬಂದರೆ ಅಧಿಕಾರ ಹಂಚಿಕೆಯೂ ಬದಲಾಗದೆ ಇರುವುದಿಲ್ಲ.

ವಿರೋಧ ಮತ್ತು ಅದರ ಮೂಲ

ಲೆವಿನ್ ಅವರ ಬಲಕ್ಷೇತ್ರ ವಿಶ್ಲೇಷಣೆಯಲ್ಲಿ ಇರುವ ಸ್ಥಿತಿ ಎಂದರೆ ಮುಂದಕ್ಕೆ ತಳ್ಳುವ ಬಲಗಳಿಗೂ ತಡೆಯುವ ಬಲಗಳಿಗೂ ನಡುವಿನ ಸಮತೋಲ. ತಳ್ಳುವ ಬಲವನ್ನು ಹೆಚ್ಚಿಸಿದರೆ ಉದ್ವೇಗವೂ ಹೆಚ್ಚುತ್ತದೆ. ತಡೆಗಳನ್ನು ತೆಗೆದರೆ ಸಂಸ್ಥೆ ಕಡಿಮೆ ಘರ್ಷಣೆಯಲ್ಲಿ ಮುನ್ನಡೆಯುತ್ತದೆ. ತಡೆಗಳು ಬಹುತೇಕ ಸ್ಪಷ್ಟವಾದ ನಷ್ಟಗಳೇ ಆಗಿರುತ್ತವೆ. ವರ್ಷಗಟ್ಟಲೆ ಗಳಿಸಿದ ಕೌಶಲ ಬೆಲೆ ಕಳೆದುಕೊಳ್ಳುತ್ತದೆ. ಸಂಪಾದನೆ ತಗ್ಗುತ್ತದೆ. ಜೊತೆಗಾರರು ಚದುರುತ್ತಾರೆ, ಹುದ್ದೆಗಿದ್ದ ಗೌರವ ಕುಂದುತ್ತದೆ. ಹಾರ್‌ವುಡ್‌ನಲ್ಲಿ ನುರಿತ ಕೈಗಳು ಹೊಸಬರ ಮಟ್ಟಕ್ಕೆ ಇಳಿದದ್ದೇ ಸಂಕಟದ ಮೂಲವಾಗಿತ್ತು. ಅಮೆರಿಕದ ಸಲಹೆಗಾರ ವಿಲಿಯಂ ಬ್ರಿಡ್ಜಸ್ ಬದಲಾವಣೆಯೆಂಬ ಬಾಹ್ಯ ಘಟನೆಯನ್ನು ಅದರೊಂದಿಗೆ ಸಾಗುವ ಒಳಗಿನ ಸಂಕ್ರಮಣದಿಂದ ಬೇರ್ಪಡಿಸಿ, ಹಳೆಯದನ್ನು ಬಿಟ್ಟುಕೊಡುವುದು ಮೊದಲ ಘಟ್ಟವೆಂದು ತೋರಿಸಿದರು.

ಮಾದರಿಗಳು

ಕರಗಿಸು, ಸರಿಸು, ಮತ್ತೆ ಹೆಪ್ಪುಗಟ್ಟಿಸು ಎಂಬ ಮೂರು ಹೆಜ್ಜೆಗಳನ್ನು ಲೆವಿನ್ ಅವರ ಹೆಸರಿನಲ್ಲಿ ಪ್ರತಿಯೊಂದು ಪಠ್ಯಪುಸ್ತಕವೂ ಹೇಳುತ್ತದೆ. 1947ರ ಪ್ರಬಂಧದಲ್ಲಿ ಅವರು ಇದನ್ನು ಚಿಕ್ಕದಾಗಿ ಪ್ರಸ್ತಾಪಿಸಿದ್ದರು. ಅದೇ ವರ್ಷ ತೀರಿಕೊಂಡರು. ಅದನ್ನು ಒಂದು ಪೂರ್ಣ ಮಾದರಿಯಾಗಿ ಬೆಳೆಸಿದವರು ಆಮೇಲೆ ಬಂದವರು ಎಂದು ಕಮಿಂಗ್ಸ್, ಬ್ರಿಡ್ಜ್‌ಮನ್ ಮತ್ತು ಬ್ರೌನ್ ಎಂಬ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಹಾರ್ವರ್ಡ್‌ನ ಜಾನ್ ಕಾಟರ್ 1995ರ ಲೇಖನ ಮತ್ತು ಮರುವರ್ಷದ ಪುಸ್ತಕದಲ್ಲಿ ಎಂಟು ಹೆಜ್ಜೆಗಳ ಮಾದರಿ ಕೊಟ್ಟರು. ತುರ್ತಿನ ಅರಿವು ಮೂಡಿಸುವುದರಿಂದ ಆರಂಭವಾಗಿ, ಮುನ್ನಡೆಸುವ ಕೂಟ ಕಟ್ಟುವುದು, ಬೇಗ ಸಿಗುವ ಚಿಕ್ಕ ಗೆಲುವುಗಳನ್ನು ಯೋಜಿಸುವುದು ಮುಂತಾಗಿ ಸಾಗಿ, ಹೊಸದನ್ನು ಸಂಸ್ಕೃತಿಯಲ್ಲಿ ಬೇರೂರಿಸುವಲ್ಲಿ ಅದು ಮುಗಿಯುತ್ತದೆ. ಜೆಫ್ ಹಯಾಟ್ ರೂಪಿಸಿದ ‘ಆಡ್‌ಕಾರ್’ ಮಾದರಿ ಒಬ್ಬ ನೌಕರನ ಕಡೆಯಿಂದ ನೋಡುತ್ತದೆ: ಅರಿವು, ಬಯಕೆ, ತಿಳಿವಳಿಕೆ, ಸಾಮರ್ಥ್ಯ, ಬಲವರ್ಧನೆ. ಇವುಗಳಲ್ಲಿ ಹೆಚ್ಚಿನವು ಮೇಲಿನಿಂದ ಕೆಳಕ್ಕೆ ಹರಿಯುವ ಬದಲಾವಣೆಯನ್ನೇ ಊಹಿಸಿಕೊಂಡಿರುವುದು ಅವುಗಳ ದೊಡ್ಡ ಕೊರತೆ.

ಪ್ರಯೋಗಗಳು: ಮೂರು ಉದಾಹರಣೆಗಳು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಮುಷ್ಕರ, ಗೈರುಹಾಜರಿ ಮತ್ತು ಕಳಪೆ ಗುಣಮಟ್ಟಕ್ಕೆ ಹೆಸರಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ನುಮ್ಮಿ ಎಂಬ ಹೆಸರಿನಲ್ಲಿ ಅದು ಮತ್ತೆ ತೆರೆದಾಗ ನೇಮಕವಾದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ. ಕಾರ್ಮಿಕ ಸಂಘವೂ ಹಳೆಯದೇ. ಹತ್ತಾರು ಹುದ್ದೆಗಳ ವರ್ಗೀಕರಣ ಬೆರಳೆಣಿಕೆಗೆ ಇಳಿಯಿತು, ತಂಡಗಳು ಬಂದವು. ದೋಷ ಕಂಡರೆ ಯಾವ ಕಾರ್ಮಿಕ ಬೇಕಾದರೂ ಹಗ್ಗ ಎಳೆದು ಜೋಡಣೆಯ ಸಾಲನ್ನೇ ನಿಲ್ಲಿಸಬಹುದಿತ್ತು. ಅಲ್ಪ ಕಾಲದಲ್ಲೇ ಗುಣಮಟ್ಟ ಟೊಯೋಟಾದ ಜಪಾನಿನ ಕಾರ್ಖಾನೆಗಳಿಗೆ ಸಮೀಪಿಸಿತು. ಅದೇ ಪದ್ಧತಿಯನ್ನು ಜನರಲ್ ಮೋಟಾರ್ಸ್ ತನ್ನ ಇತರ ಕಾರ್ಖಾನೆಗಳಿಗೆ ಒಯ್ಯಲು ಹೊರಟಾಗ ಮಾತ್ರ ಇಷ್ಟು ಬೇಗ ಫಲ ಸಿಗಲಿಲ್ಲ. ನುಮ್ಮಿ 2010ರಲ್ಲಿ ಮುಚ್ಚಿತು.

ಕರ್ನಾಟಕದ ‘ಭೂಮಿ’ ಯೋಜನೆ ಸರ್ಕಾರಿ ಕಚೇರಿಯೊಳಗಿನ ಬದಲಾವಣೆಯ ಉದಾಹರಣೆಯಾಗಿ ಜಗತ್ತಿನ ಹಲವೆಡೆ ಚರ್ಚೆಗೆ ಬಂದಿದೆ. ಅದಕ್ಕೆ ಮೊದಲು ಜಮೀನಿನ ದಾಖಲೆಗಳಾದ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿ ಕೈಬರಹದಲ್ಲಿದ್ದವು. ಒಬ್ಬ ಲೆಕ್ಕಿಗರಿಗೆ ಹಲವು ಹಳ್ಳಿಗಳು. ಪ್ರತಿ ಬೇಕಾದ ರೈತ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು, ಕೈ ಬಿಸಿ ಮಾಡಬೇಕಿತ್ತು. 2000ದ ಸುಮಾರಿನಲ್ಲಿ ಅಂದಾಜು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳ ಕಿಯೋಸ್ಕ್‌ಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಕೊಡುವ ವ್ಯವಸ್ಥೆ ಬಂತು. ಗಣಕಕ್ಕೆ ಏರಿದ ಮಾಹಿತಿಯನ್ನು ಮೂಲದೊಂದಿಗೆ ತಾಳೆ ನೋಡುವ ಕೆಲಸವನ್ನು ಲೆಕ್ಕಿಗರಿಂದಲೇ ಮಾಡಿಸಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಪಾಡು ವಿಧಿಸಿತು. ಅಧಿಕಾರಿ ಒಳಪ್ರವೇಶಿಸಲು ಬೆರಳಚ್ಚು ಕೊಡಬೇಕಾಯಿತು. ತಾಲ್ಲೂಕಿನಲ್ಲಿ ಗಣಕ ವ್ಯವಸ್ಥೆ ಜಾರಿಯಾದೊಡನೆ ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಹಳೆಯ ದಾರಿಯನ್ನು ಹೀಗೆ ಪೂರ್ತಿ ಮುಚ್ಚಿದ್ದರಿಂದ ಎರಡು ಪದ್ಧತಿಗಳು ಅಕ್ಕಪಕ್ಕ ನಡೆಯುವ ಗೊಂದಲ ತಪ್ಪಿತು. ಆದರೆ ಹಳ್ಳಿಯಲ್ಲಿದ್ದ ಅಧಿಕಾರ ತಾಲ್ಲೂಕು ಕಚೇರಿಗೆ ಸರಿಯಿತು. ದೊಡ್ಡ ಭೂ ವ್ಯವಹಾರಸ್ಥರಿಗೇ ಇದು ಅನುಕೂಲವಾಯಿತೆಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಪ್ರಬಂಧದಲ್ಲಿ ವಾದಿಸಿದರು.

ಬ್ಯಾಂಕುಗಳ ವಿಲೀನ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 1913ರಲ್ಲಿ ಸ್ಥಾಪನೆಯಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯ ಬ್ಯಾಂಕ್ 2019ರ ಅದೇ ದಿನ ಬ್ಯಾಂಕ್ ಆಫ್ ಬರೋಡದಲ್ಲಿ, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕೊನೆಯ ಎರಡು ವಿಲೀನಗಳು ನಡೆದಾಗ ದೇಶ ಕೊರೊನಾ ಲಾಕ್‌ಡೌನ್‌ನಲ್ಲಿತ್ತು. ತಂತ್ರಾಂಶಗಳ ಜೋಡಣೆ, ಜ್ಯೇಷ್ಠತೆಯ ಹೊಂದಾಣಿಕೆ, ಸಮೀಪದ ಶಾಖೆಗಳ ಏಕೀಕರಣ, ಭಾಷೆ ಬಾರದ ರಾಜ್ಯಗಳಿಗೆ ವರ್ಗಾವಣೆ ಇವೆಲ್ಲ ಒಟ್ಟಿಗೆ ಎದುರಾದವು. ದಕ್ಷಿಣ ಕನ್ನಡ ಮತ್ತು ಉಡುಪಿಯ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳಿಗೆ ಗ್ರಾಹಕರೊಂದಿಗಿದ್ದ ನಂಟು ಲೆಕ್ಕಪತ್ರದಲ್ಲಿ ಕಾಣುವಂಥದ್ದಲ್ಲ. ಹೆಸರು ಅಳಿಸಿದಾಗ ನೌಕರರಿಗೂ ಖಾತೆದಾರರಿಗೂ ಆದ ಬೇಸರ, ಶಾಸ್ತ್ರದ ಪ್ರಕಾರ, ನಿರ್ವಹಣೆಯ ಯೋಜನೆಯಲ್ಲಿ ಸೇರಬೇಕಾದ ವಿಷಯ.

ಭಾರತದಲ್ಲಿ ಕಾನೂನು ಮತ್ತು ಶಿಕ್ಷಣ

1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮು ಕೂಲಿ, ಕೆಲಸದ ವೇಳೆ, ಪಾಳಿ ಮುಂತಾದ ಷರತ್ತುಗಳನ್ನು ಬದಲಿಸುವ ಮುನ್ನ ಕಾರ್ಮಿಕರಿಗೆ 21 ದಿನಗಳ ನೋಟಿಸು ಕೊಡಬೇಕೆಂದು ವಿಧಿಸಿತು. ಕೆಲಸ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರ ಸುಧಾರಣೆಯೂ ಈ ಪಟ್ಟಿಯಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ನೋಟಿಸಿನ ಈ ನಿಯಮವನ್ನು ಉಳಿಸಿಕೊಂಡಿದೆ. ಬ್ಯಾಂಕುಗಳ ಗಣಕೀಕರಣ ಸಾಗಿದ್ದು 1983ರಿಂದ ನೌಕರ ಸಂಘಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ಮೂಲಕ. ಎಷ್ಟು ಯಂತ್ರ, ಎಲ್ಲಿ, ಯಾರಿಗೆ ಭತ್ಯೆ ಎಂಬುದೆಲ್ಲ ಮಾತುಕತೆಯಲ್ಲಿ ತೀರ್ಮಾನವಾಗುತ್ತಿತ್ತು.

ಭಾರತದಲ್ಲಿ ಅಧ್ಯಯನ ಶಾಖೆಯಾಗಿ ಸಾಂಸ್ಥಿಕ ವರ್ತನೆ ಅಹಮದಾಬಾದಿನ ಜವಳಿ ಸಂಶೋಧನಾ ಸಂಸ್ಥೆ ‘ಅಟಿರಾ’ದಲ್ಲಿ ಬೇರುಬಿಟ್ಟಿತು. ಅಲ್ಲಿ ಕೆಲಸ ಮಾಡಿದ ಮನಃಶಾಸ್ತ್ರಜ್ಞೆ ಕಮಲಾ ಚೌಧರಿ ಮುಂದೆ 1961ರಲ್ಲಿ ಆರಂಭವಾದ ಐಐಎಂ ಅಹಮದಾಬಾದನ್ನು ಕಟ್ಟಿದವರಲ್ಲಿ ಒಬ್ಬರು. ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ 1975ರ ಸುಮಾರಿನಲ್ಲಿ ಲಾರ್ಸನ್ ಅಂಡ್ ಟೂಬ್ರೋ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ವ್ಯವಸ್ಥೆ ರೂಪಿಸಿಕೊಟ್ಟರು. ಬೆಂಗಳೂರಿನ ಐಐಎಂ 1973ರಲ್ಲಿ ಶುರುವಾಯಿತು. ಇಂದು ಕರ್ನಾಟಕದ ವಿಶ್ವವಿದ್ಯಾಲಯಗಳ ವಾಣಿಜ್ಯ ಮತ್ತು ನಿರ್ವಹಣಾ ಪದವಿಗಳಲ್ಲಿ ಸಾಂಸ್ಥಿಕ ವರ್ತನೆ ಪಠ್ಯವಿಷಯ.

ಇಂದಿನ ಸ್ಥಿತಿ

ಬದಲಾವಣೆಯ ಯತ್ನಗಳಲ್ಲಿ ಶೇ. 70 ಸೋಲುತ್ತವೆ ಎಂಬ ಮಾತು ಸಲಹಾ ಸಂಸ್ಥೆಗಳ ಕರಪತ್ರಗಳಲ್ಲಿ ಸಾಮಾನ್ಯ. ಮಾರ್ಕ್ ಹ್ಯೂಸ್ 2011ರಲ್ಲಿ ಇದರ ಮೂಲಗಳನ್ನು ಒಂದೊಂದಾಗಿ ಜಾಲಾಡಿ, ಅದಕ್ಕೆ ನಂಬಲರ್ಹ ಪುರಾವೆಯಿಲ್ಲ ಎಂದು ತೋರಿಸಿದರು. ಇತ್ತೀಚಿನ ಸಂಶೋಧನೆ ಇಂಥ ಸಿದ್ಧ ಸಂಖ್ಯೆಗಳನ್ನು ಬಿಟ್ಟು ನಿಯಂತ್ರಿತ ಪ್ರಯೋಗಗಳತ್ತ ಸಾಗಿದೆ. ತಪ್ಪನ್ನು ಹೇಳಿಕೊಂಡರೂ ಅವಮಾನವಾಗದೆಂಬ ನಂಬಿಕೆಯನ್ನು ಮಾನಸಿಕ ಸುರಕ್ಷತೆ ಎಂದು ಕರೆದು 1999ರಲ್ಲಿ ಏಮಿ ಎಡ್ಮಂಡ್‌ಸನ್ ಪ್ರಕಟಿಸಿದ ತಂಡಗಳ ಅಧ್ಯಯನ ಆಸ್ಪತ್ರೆ ಮತ್ತು ತಂತ್ರಾಂಶ ಕಂಪನಿಗಳಲ್ಲಿ ಹೆಚ್ಚು ಬಳಕೆಗೆ ಬಂದಿದೆ.

2020ರ ನಂತರ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದೊಡ್ಡ ಚರ್ಚೆ ಎಂದರೆ ಮನೆಯಿಂದ ಕೆಲಸ. ಇದರ ಮೇಲಿನ ಗಟ್ಟಿ ಪುರಾವೆ ಚೀನಾದ ಪ್ರಯಾಣ ಸೇವಾ ಕಂಪನಿಯೊಂದರದು. ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಸಿಟ್ರಿಪ್ ಕಂಪನಿಯ ಕಾಲ್ ಸೆಂಟರ್ ನೌಕರರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಯಲ್ಲಿ ದುಡಿದವರ ಸಾಧನೆ ಶೇ. 13 ಹೆಚ್ಚಿತ್ತು, ಆದರೂ ಆಯ್ಕೆ ಕೊಟ್ಟಾಗ ಅವರಲ್ಲಿ ಅರ್ಧದಷ್ಟು ಮಂದಿ ಕಚೇರಿಗೆ ಮರಳಿದರು. ಅದೇ ಕಂಪನಿಯ 1,612 ನೌಕರರ ಮೇಲೆ ನಡೆಸಿ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರ ಸಾಧನೆಯಲ್ಲಿ ಇಳಿಕೆ ಕಾಣಲಿಲ್ಲ. ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ತಗ್ಗಿತು. ಪ್ರಯೋಗಕ್ಕೆ ಮೊದಲು ಉತ್ಪಾದಕತೆ ಕುಗ್ಗುತ್ತದೆಂದು ಭಾವಿಸಿದ್ದ ಅಲ್ಲಿನ ವ್ಯವಸ್ಥಾಪಕರು ಕೊನೆಯಲ್ಲಿ ತಮ್ಮ ಅಂದಾಜನ್ನು ಬದಲಿಸಿಕೊಂಡರು, ಕಂಪನಿ ಈ ಪದ್ಧತಿಯನ್ನು ಮುಂದುವರಿಸಿತು.